ಕಲಾಯಿ ಸಾಬರ ಮೊದಲ ಹಿಡಿ

ಕಲಾಯಿ ಸಾಬರು ನನ್ನನ್ನು ಮೊದಲ ಸಲ ನೋಡಿದ ದಿನವೇ ಬೈದರು. ಮದುವೆಯಾಗಿ ರಾಜಾಜಿನಗರದ ಮನೆಗೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಅತ್ತೆ ಕೊಟ್ಟ ಹಾಲಿನ ತಪ್ಪಲೆ ಹಿಡಿದುಕೊಂಡು, ಮೂಲೆಯ ನಲ್ಲಿಯ ಪಕ್ಕದ ಹೊಂಗೆಮರದ ಕೆಳಗೆ ಹೋಗಿ ನಿಂತಿದ್ದೆ. ಅವರು ತಪ್ಪಲೆಯನ್ನು ಬೋರಲು ಹಾಕಿ, ಬೆರಳ ಗೆಣ್ಣಿನಿಂದ ತಳಕ್ಕೆ ಎರಡು ಸಲ ಕುಟ್ಟಿ, ತಲೆಯೆತ್ತಿ ನೋಡಿದರು.

“ಹೊಸ ಸೊಸೇನಾ?”

“ಹೌದು.”

“ಮೂರು ಸಲ ಹಾಲು ಸೀಸಿದೀಯ. ಬೂದಿ ಹಾಕಿ ಚೆನ್ನಾಗಿ ಉಜ್ಜಿದೀಯ, ಅತ್ತೆಗೆ ಗೊತ್ತಾಗಲ್ಲ. ಆದ್ರೆ ನಂಗೆ ಗೊತ್ತಾಗುತ್ತಲ್ಲ! ಒಲೆ ಮುಂದೆ ಕೂತ್ಕೊಂಡು ತೌರುಮನೆ ನೆನೆಸ್ಕೋಬೇಡ ಮಗಳೇ, ಹಾಲು ನೋಡು.”

ನನಗೆ ಮೈಯೆಲ್ಲ ಉರಿದುಹೋಯಿತು. ಯಾರೀ ಮನುಷ್ಯ, ಇವನಿಗೇಕೆ ನನ್ನ ಹಾಲಿನ ಉಸಾಬರಿ ಎಂದುಕೊಂಡೆ. ಆದರೆ ಲೆಕ್ಕ ಸರಿಯಾಗಿತ್ತು. ಮೂರೇ ಸಲ ಸೀದಿತ್ತು, ಮೂರು ಸಲವೂ ನಾನು ತೌರುಮನೆಯನ್ನೇ ನೆನೆಸಿಕೊಂಡಿದ್ದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ನಮ್ಮ ಬ್ಲಾಕಿನ ಹಳಬರಿಗೆ ಅದು ಯಾರೆಂದು ತಿಳಿಯುವುದಿಲ್ಲ, ಏಕೆಂದರೆ ಹೆಸರು ಹಿಡಿದು ಯಾರೂ ಅವರನ್ನು ಕರೆಯಲಿಲ್ಲ. ಹಿತ್ತಾಳೆ ತಾಮ್ರದ ಪಾತ್ರೆಗಳ ಒಳಮೈಗೆ ತವರ ಬಳಿಯುವುದು ಅವರ ಕಸುಬು. ಆದ್ದರಿಂದ ಕಲಾಯಿ ಸಾಬರು. ಮನೆ ಕೆಂಗೇರಿಯ ಕಡೆ. ಸೈಕಲ್ಲಿನ ಹಿಂದೆ ಬೆಂಕಿಗೆ ಗಾಳಿ ಊದುವ ತಿದಿ, ಇಕ್ಕಳ, ಇದ್ದಿಲಿನ ಚೀಲ ಕಟ್ಟಿಕೊಂಡು ಬೆಳಿಗ್ಗೆ ಬಂದರೆ ಸಂಜೆಯವರೆಗೆ ಆ ಹೊಂಗೆಮರವೇ ಅವರ ಅಂಗಡಿ. ಹೊಗೆ ಕುಡಿದು ಕುಡಿದು ಒಂದು ಕಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ಉಳಿದ ಒಂದೂವರೆ ಕಣ್ಣಿನಲ್ಲಿ ಅವರು ಇಡೀ ಬ್ಲಾಕನ್ನು ನೋಡುತ್ತಿದ್ದರು.

ಅವರು ಕೂರಲು ಬೇರೆ ಮರ ಹುಡುಕುವಂತೆಯೂ ಇರಲಿಲ್ಲ. ನಮ್ಮ ಕಡೆ ಇದ್ದದ್ದು ಅದೊಂದೇ ಮರ. ರಾಗಿ ಹೊಲಗಳನ್ನು ಸಮ ಮಾಡಿ, ದಾರ ಹಿಡಿದು ರಸ್ತೆ ಎಳೆದು, ಒಂದೇ ಅಚ್ಚಿನ ಮನೆಗಳನ್ನು ಸಾಲಾಗಿ ಕಟ್ಟಿದ್ದರು. ನೆರಳು ಕಟ್ಟುವುದನ್ನು ಮಾತ್ರ ಮರೆತಿದ್ದರು. ಗಾಳಿ ಬೀಸಿದರೆ ಅನ್ನದ ತಟ್ಟೆಗೆ ಕೆಮ್ಮಣ್ಣು ಬೀಳುತ್ತಿತ್ತು. ನಲ್ಲಿಯಲ್ಲಿ ನೀರು ಬೆಳಿಗ್ಗೆ ಒಂದಷ್ಟು ಹೊತ್ತು ಬಂದರೆ ಬಂತು, ಬೇಸಿಗೆಯಲ್ಲಿ ಅದೂ ಇಲ್ಲ. ಚಾಮರಾಜಪೇಟೆಯಲ್ಲಿದ್ದ ನನ್ನ ಚಿಕ್ಕಪ್ಪನನ್ನು ಊಟಕ್ಕೆ ಕರೆದರೆ, “ಮರಳುಗಾಡಲ್ಲಿ ಮನೆ ಮಾಡಿದೀರಲ್ಲಮ್ಮ, ಒಂಟೆ ಕಳಿಸು, ಬರ್ತೀನಿ” ಎನ್ನುತ್ತಿದ್ದರು. ಕಾರ್ಖಾನೆಗಳಲ್ಲಿ ಫಿಟ್ಟರು, ಟರ್ನರು, ಗುಮಾಸ್ತೆ ಎಂದು ಕೆಲಸ ಸಿಕ್ಕಿದ ಎಲ್ಲ ಜಾತಿ ಎಲ್ಲ ಮತದವರೂ ಆ ಮರಳುಗಾಡಿಗೆ ಬಂದು ಸೇರಿದ್ದೆವು. ಅಕ್ಕಪಕ್ಕದವರಲ್ಲಿ ಒಬ್ಬರ ಊರು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಕಷ್ಟ ಬಂದರೆ ಯಾರ ಬಾಗಿಲು ತಟ್ಟಬೇಕೆಂಬುದೂ ಗೊತ್ತಿರಲಿಲ್ಲ.

ಸಾಬರಿಗೆ ಮಾತ್ರ ಎಲ್ಲ ಗೊತ್ತಿತ್ತು. ಪಾತ್ರೆಯ ತಳ ನೋಡಿ ಅವರು ಮನೆಯ ಸ್ಥಿತಿ ಹೇಳಬಲ್ಲವರಾಗಿದ್ದರು. ದೊಡ್ಡ ತಪ್ಪಲೆಯ ಮಸಿ ಹಳೆಯದಾಗಿ, ಸಣ್ಣ ತಪ್ಪಲೆಯ ಮಸಿ ಮಾತ್ರ ಹೊಸದಾಗಿದ್ದರೆ ಆ ಮನೆಯಲ್ಲಿ ಅಕ್ಕಿ ಕಡಿಮೆಯಾಗಿದೆ ಎಂದು ಅರ್ಥ. ಎಣ್ಣೆಯ ಜಿಡ್ಡೇ ಇಲ್ಲದ ಒಗ್ಗರಣೆ ಸೌಟು ಬಂದರೆ ಇನ್ನೇನೋ ಅರ್ಥ. ನಮ್ಮ ಹಿಂದಿನ ಬೀದಿಯ ಗುಮಾಸ್ತೆಯೊಬ್ಬರು ನಲ್ಲಿಯ ಹತ್ತಿರ ನಿಂತು ದಿನಾ ತಮ್ಮ ಮನೆಯ ತುಪ್ಪದ ಘಮಲನ್ನು ವರ್ಣಿಸುತ್ತಿದ್ದರು. ಸಾಬರು ತಲೆಯಾಡಿಸಿ ಕೇಳಿ, “ಭೇಷ್ ಸಾರ್” ಎನ್ನುತ್ತಿದ್ದರು. ಅವರ ತುಪ್ಪದ ಗಿಂಡಿ ಎಷ್ಟು ತಿಂಗಳಿಂದ ಒಣಗಿದೆಯೆಂಬುದು ಇವರಿಗೆ ತಿಳಿದಿತ್ತು. ಒಂದು ದಿನವೂ ಬಾಯಿ ಬಿಡಲಿಲ್ಲ. ಮುಖದ ಮೇಲೆ ಬೈಯುವ ಮನುಷ್ಯ, ಬೆನ್ನ ಹಿಂದೆ ಮಾತ್ರ ಯಾರ ಮನೆಯ ಸುದ್ದಿಯನ್ನೂ ಆಡುತ್ತಿರಲಿಲ್ಲ.

ಇಬ್ಬರ ಹತ್ತಿರ ಬಿಟ್ಟು. ಒಬ್ಬರು ಬ್ಲಾಕಿನ ಹೆರಿಗೆಗಳನ್ನೆಲ್ಲ ಮಾಡಿಸುತ್ತಿದ್ದ ನರ್ಸಮ್ಮ. ಭಾನುವಾರ ಚರ್ಚಿಗೆ, ಉಳಿದ ದಿನ ಯಾರ ಮನೆಯಲ್ಲಿ ನೋವು ಶುರುವಾಯಿತೋ ಅಲ್ಲಿಗೆ ಹೋಗುವ ದಪ್ಪ ಹೆಂಗಸು. ಇನ್ನೊಬ್ಬರು ನನ್ನ ಅತ್ತೆ. ನಮ್ಮತ್ತೆಯ ಮಡಿ ಎಂಥದ್ದೆಂದರೆ, ಒಣಹಾಕಿದ ಸೀರೆಗೆ ನನ್ನ ನೆರಳು ತಾಕಿದರೂ ಮತ್ತೆ ನೀರಿಗೆ ಅದ್ದುತ್ತಿದ್ದರು, ನೀರಿಲ್ಲದ ಆ ಊರಿನಲ್ಲಿ! ಅಂಥವರು ವಾರಕ್ಕೊಮ್ಮೆ ಹೊಂಗೆಮರದಿಂದ ನಾಲ್ಕು ಮಾರು ದೂರದಲ್ಲಿ ಮಣೆ ಹಾಕಿಕೊಂಡು ಕೂತು ಸಾಬರೊಂದಿಗೆ ಪಿಸುಪಿಸು ಮಾತಾಡುವುದನ್ನು ನೋಡಿ ನನಗೆ ಮೊದಮೊದಲು ದಿಗಿಲಾಗುತ್ತಿತ್ತು.

ಆಮೇಲೆ ಗುಟ್ಟು ತಿಳಿಯಿತು. ಬೆಳಿಗ್ಗೆ ಅನ್ನಕ್ಕಿಡುವ ಮುಂಚೆ ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು ಅತ್ತೆ ಬೇರೆ ಗಡಿಗೆಗೆ ಹಾಕುತ್ತಿದ್ದರು. ಅದು ನಮ್ಮ ಕಡೆ ಎಷ್ಟೋ ಮನೆಗಳಲ್ಲಿದ್ದ ಪದ್ಧತಿ. ಮಠಕ್ಕೋ ಭಿಕ್ಷುಕರಿಗೋ ಹೋಗುತ್ತಿತ್ತು. ನಮ್ಮತ್ತೆಯದು ಶನಿವಾರ ಕಲಾಯಿಗೆಂದು ಕಳಿಸುವ ಪಾತ್ರೆಯೊಳಗೆ ಕೂತು ಸಾಬರ ಹತ್ತಿರ ಹೋಗುತ್ತಿತ್ತು. ನರ್ಸಮ್ಮ ಚರ್ಚಿನ ಹೆಂಗಸರಿಂದ ಬಿಸ್ಕತ್ತಿನ ಡಬ್ಬಿಯಲ್ಲಿ ತರುತ್ತಿದ್ದರು. ಸಾಬರು ಶುಕ್ರವಾರ ಮಸೀದಿಯಲ್ಲಿ ಸೇರುವವರ ಮನೆಗಳಿಂದ ತರುತ್ತಿದ್ದರು. ಎಲ್ಲವೂ ಮರದ ಬುಡದ ಗೋಣಿಚೀಲಕ್ಕೆ. ಸಣ್ಣಕ್ಕಿ, ದಪ್ಪಕ್ಕಿ, ಕೆಂಪಕ್ಕಿ, ನುಚ್ಚು ಎಲ್ಲ ಕಲಸಿಹೋಗುತ್ತಿದ್ದವು. “ಒಂದು ಬೇಯೋ ಹೊತ್ತಿಗೆ ಇನ್ನೊಂದು ಗಂಜಿ ಆಗುತ್ತೆ” ಎಂದು ಅತ್ತೆ ಗೊಣಗುತ್ತಿದ್ದರು. “ಹಸಿದೋರು ಕಾಳು ಎಣಿಸಲ್ಲ ಬಿಡಿ ಅಮ್ಮ” ಎಂದು ನರ್ಸಮ್ಮ ನಗುತ್ತಿದ್ದರು.

ಕೂಡಿಸುವುದು ಸುಲಭ. ಕೊಡುವುದು ಹೇಗೆ? ನಮ್ಮಲ್ಲಿ ಬೇಡುವವರು ಯಾರೂ ಇರಲಿಲ್ಲ. ಎಲ್ಲರೂ ಇಸ್ತ್ರಿ ಮಾಡಿದ ಷರಟಿನ ಮನೆಗಳವರು. ಹೊಟ್ಟೆಗಿಲ್ಲದಿದ್ದರೂ ಬಾಗಿಲಿಗೆ ರಂಗೋಲಿ ತಪ್ಪುತ್ತಿರಲಿಲ್ಲ. ಅದಕ್ಕೆ ಸಾಬರು ಒಂದು ಸುಳ್ಳನ್ನು ಕಟ್ಟಿದ್ದರು. ಅಷ್ಟು ಚಂದದ ಸುಳ್ಳನ್ನು ನಾನು ಮತ್ತೆ ಕೇಳಿಲ್ಲ.

“ಹೊಸ ಕಲಾಯೀಲಿ ಮೊದಲು ಬೇಯೋ ಅಕ್ಕಿ ಕಲಾಯಿಯವನ ಕೈಯಿಂದಾನೇ ಬರಬೇಕು. ಇಲ್ದಿದ್ರೆ ತವರ ನಿಲ್ಲಲ್ಲ. ನಮ್ಮ ಉಸ್ತಾದರು ಹೇಳಿದ್ದು.”

ಹಾಗೆಂದು ಹೇಳಿ, ಥಳಥಳಿಸುವ ಪಾತ್ರೆಯೊಳಗೆ ಅಕ್ಕಿ ಹಾಕಿ, ಮೇಲೆ ಬಟ್ಟೆ ಕಟ್ಟಿ ಕೊಡುತ್ತಿದ್ದರು. ಇದ್ದವರ ಮನೆಯ ಪಾತ್ರೆಗೂ ಹಾಕುತ್ತಿದ್ದರು, ಇಲ್ಲದವರ ಮನೆಯ ಪಾತ್ರೆಗೂ ಹಾಕುತ್ತಿದ್ದರು. ಇದ್ದವರಿಗೆ ಒಂದು ಹಿಡಿ, ಇಲ್ಲದವರಿಗೆ ಪಾತ್ರೆ ತುಂಬ. ಬಟ್ಟೆ ಕಟ್ಟಿದ ಪಾತ್ರೆಯಲ್ಲಿ ಎಷ್ಟಿದೆ ಎಂದು ಪಕ್ಕದವರಿಗೆ ಹೇಗೆ ತಿಳಿಯಬೇಕು? ತೆಗೆದುಕೊಂಡವರಿಗೂ ಅದು ದಾನವಲ್ಲ, ಕಸುಬಿನ ಕಟ್ಟಳೆ. ಕಲಾಯಿ ನಿಲ್ಲಬೇಕಲ್ಲ ಎಂದುಕೊಂಡು ಬೇಯಿಸಿ ಉಣ್ಣುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ, “ನಿಮ್ಮ ಉಸ್ತಾದರು ಯಾರು ಸಾಬರೇ?” ಎಂದು ಕೇಳಿದೆ. “ಯಾವ ಉಸ್ತಾದು? ನಮ್ಮಪ್ಪ ಬಡಿದು ಕಲಿಸಿದ್ದು” ಎಂದು ನಸ್ಯದ ಡಬ್ಬಿ ತೆಗೆದರು.

ಸಂತರೇನೂ ಅಲ್ಲ ಅವರು. ನಸ್ಯ ಏರಿಸಿ ಸೀನಿದರೆ ಬೀದಿಯ ಮಕ್ಕಳೆಲ್ಲ ಬೆಚ್ಚುತ್ತಿದ್ದರು. ತಮ್ಮ ಕೆಲಸದ ಬಗ್ಗೆ ಜಂಬವೋ ಜಂಬ. ಮೈಸೂರಿನಿಂದ ಮದರಾಸಿನವರೆಗೆ ತಮ್ಮಂತೆ ತವರ ಎಳೆಯುವವನಿಲ್ಲ ಎನ್ನುತ್ತಿದ್ದರು. ಆಗ ತಾನೇ ಮನೆಮನೆಗೆ ಬರುತ್ತಿದ್ದ ಅಲ್ಯೂಮಿನಿಯಂ ಪಾತ್ರೆಗಳನ್ನು ಕಂಡರೆ ಉಗುಳುತ್ತಿದ್ದರು. ಸ್ವಂತ ತಮ್ಮನ ಮನೆಯಲ್ಲಿ ಅಲ್ಯೂಮಿನಿಯಂ ಡಬರಿಯಲ್ಲಿ ಚಹಾ ಕಾಯಿಸಿದರೆಂದು ಆರು ತಿಂಗಳು ಅವನೊಂದಿಗೆ ಮಾತು ಬಿಟ್ಟಿದ್ದರು. ಹೆಣ್ಣುಮಕ್ಕಳಿರುವ ಮನೆಗೆ ಒಂದು ಪಾವು ಹೆಚ್ಚಿಗೆ ಹಾಕುತ್ತಾರೆಂದು ನರ್ಸಮ್ಮ ಜಗಳ ತೆಗೆದರೆ, “ಹೌದು ಹಾಕ್ತೀನಿ, ಏನಿವಾಗ?” ಎಂದು ತಿರುಗಿ ಬೀಳುತ್ತಿದ್ದರು.

ಅವರು ತೀರಿಕೊಂಡದ್ದು ಇದೆಲ್ಲ ಆಗಿ ಬಹಳ ವರ್ಷಗಳ ಮೇಲೆ, ಕೆಂಗೇರಿಯ ಮಗಳ ಮನೆಯಲ್ಲಿ. ಸುದ್ದಿ ಬಂದಾಗ ನರ್ಸಮ್ಮನೂ ಅತ್ತೆಯೂ ಒಂದೇ ಬಸ್ಸಿನಲ್ಲಿ ಹೋಗಿ ಬಂದರು. ಬಂದ ಮೇಲೆ ಅತ್ತೆ ತಲೆಗೆ ಸ್ನಾನ ಮಾಡಿ ಮೂರು ದಿನ ದೇವರ ಮುಂದೆ ದೀಪ ಹಚ್ಚಲಿಲ್ಲ. ಸ್ವಂತದವರು ಹೋದರೆ ಮಾತ್ರ ನಾವು ಹಾಗೆ ಮಾಡುವುದು. ಆ ಮೂರು ದಿನ ಅಡುಗೆಮನೆಯಲ್ಲಿ ನಾನೂ ಬಹಳ ಅತ್ತುಬಿಟ್ಟೆ.

ಈಗ, ಸಾಬರು ಇನ್ನೂ ಮರದ ಕೆಳಗಿದ್ದ ಆ ದಿನಗಳಲ್ಲಿ ನಾನು ಮಾಡಿದ ಘನಕಾರ್ಯವನ್ನು ಹೇಳಿಬಿಡಬೇಕು.

ನಮ್ಮ ಎದುರುಮನೆಯಲ್ಲಿ ಗೌರಿ ಇದ್ದಳು. ನನಗಿಂತ ಏಳೆಂಟು ವರ್ಷ ದೊಡ್ಡವಳು, ಕುಣಿಗಲ್ ಕಡೆಯವಳು. ಗಂಡ ಶಿವಣ್ಣ ಕಾರ್ಖಾನೆಯಲ್ಲಿ ಕೆಲಸ. ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದರು, ಇನ್ನೊಂದು ತೊಟ್ಟಿಲಲ್ಲಿತ್ತು. ಒಂದು ಚಳಿಗಾಲದಲ್ಲಿ ಶಿವಣ್ಣನ ಬಲಗೈ ಯಂತ್ರಕ್ಕೆ ಸಿಕ್ಕಿ ಮೂರು ಬೆರಳು ಹೋದವು. ಗಾಯ ಮಾಗಿತು. ಆದರೆ ಆ ಕೈಯಲ್ಲಿ ಹಳೆಯ ಕೆಲಸ ಸಾಧ್ಯವಿರಲಿಲ್ಲ. ಹೊಸ ಗೇಟು ಕಟ್ಟುತ್ತಿದ್ದೇವೆ, ಅದು ಮುಗಿದ ಮೇಲೆ ಅಲ್ಲಿ ಕಾವಲಿನ ಕೆಲಸ ಕೊಡುತ್ತೇವೆ, ಬೇಸಿಗೆ ಕಳೆಯಲಿ ಎಂದು ಕಾರ್ಖಾನೆಯವರು ಹೇಳಿದ್ದರು. ಬೇಸಿಗೆ ಕಳೆಯುವ ತನಕ ಐದು ಹೊಟ್ಟೆಗಳು ಏನು ಮಾಡಬೇಕು?

ಗೌರಿಯ ಮನೆಯ ಹಿತ್ತಾಳೆ ಪಾತ್ರೆಗಳು ಒಂದೊಂದಾಗಿ ಮಾಯವಾದವು. ಕೊನೆಗೆ ಒಂದೇ ಒಂದು ತಪ್ಪಲೆ ಉಳಿಯಿತು. ಒಂದು ಸಲ ಹಾಕಿದ ಕಲಾಯಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಅಷ್ಟು ದಿನ ಕಾದರೆ ಮಕ್ಕಳ ಗತಿ? ಸಾಬರು ಎಂಟು ದಿನಕ್ಕೊಮ್ಮೆ ಅವಳ ಬಾಗಿಲಿಗೆ ಹೋಗಿ, “ತಾಯಿ, ಹೋದ ವಾರ ಹಾಕಿದ ತವರ ಕಲಬೆರಕೆದು. ನನ್ನ ಕೆಲಸ ಕೆಟ್ಟುಹೋಯ್ತು. ಕೊಡಿ, ಮತ್ತೆ ಹಾಕ್ತೀನಿ” ಎಂದು ತಪ್ಪಲೆ ಒಯ್ಯುತ್ತಿದ್ದರು. ತುಂಬಿಸಿ ತಂದುಕೊಡುತ್ತಿದ್ದರು. ಮದರಾಸಿನವರೆಗೆ ತನ್ನಂಥವನಿಲ್ಲ ಎನ್ನುವ ಮನುಷ್ಯ, ಬೀದಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ತನ್ನ ಕೆಲಸವೇ ಕೆಟ್ಟಿತೆಂದು ವಾರವಾರವೂ ಒಪ್ಪಿಕೊಳ್ಳುತ್ತಿದ್ದರು. ಸಾಬರಿಗೆ ವಯಸ್ಸಾಯಿತು, ಕೈ ಬಿದ್ದುಹೋಯಿತು ಎಂದು ಜನ ಆಡಿಕೊಂಡರು. ಒಂದೆರಡು ಮನೆಯವರು ಬೇರೆ ಕಲಾಯಿಯವನನ್ನು ಹುಡುಕಿಕೊಂಡರು ಕೂಡ.

ಒಂದು ಮಧ್ಯಾಹ್ನ ಗೌರಿಯ ದೊಡ್ಡ ಮಗಳು ನಲ್ಲಿಯ ಹತ್ತಿರ ತಲೆಸುತ್ತಿ ಕೂತಿದ್ದನ್ನು ಕಂಡೆ. ಒಳಗೆ ಓಡಿ, ನಮ್ಮನೆಯ ಹುಳಿಯನ್ನ ಕಲಸಿ, ತಟ್ಟೆಗೆ ಮುಚ್ಚಳ ಕೂಡ ಹಾಕದೆ, ಹಾಡಹಗಲಲ್ಲಿ ರಸ್ತೆ ದಾಟಿ ಅವಳ ಬಾಗಿಲಲ್ಲಿ ನಿಂತೆ.

“ತಗೋ ಗೌರಕ್ಕ, ಮಕ್ಕಳಿಗೆ ಕೊಡು. ಹಸಿದಿರ್ತವೆ.”

ಗೌರಿಯ ಮುಖ ಕೆಂಪಾಯಿತು. “ನಮ್ಮ ಮಕ್ಕಳು ಉಂಡಿದಾರೆ.”

ಅಲ್ಲಿಗೆ ಸುಮ್ಮನಾಗಬಾರದೇ? ಅಕ್ಕರೆ ಜಾಸ್ತಿಯಾದರೆ ನನ್ನ ನಾಲಿಗೆಗೆ ಲಗಾಮಿರುವುದಿಲ್ಲ. “ನನ್ನ ಹತ್ತಿರ ಎಂಥ ಸಂಕೋಚ? ಸಾಬರು ನಿಮ್ಮ ತಪ್ಪಲೇಲಿ ತುಂಬಿ ಕೊಡೋದೂ ನಮ್ಮ ಮನೆಗಳ ಅಕ್ಕೀನೇ ಅಲ್ವಾ? ಇಷ್ಟು ದಿನ ಅದನ್ನೇ ತಾನೆ ಉಣ್ತಿದ್ದದ್ದು?” ಎಂದುಬಿಟ್ಟೆ.

ಅವಳು ಒಳಗೆ ಹೋದಳು. ಉಳಿದಿದ್ದ ಅಕ್ಕಿಯನ್ನು ತಪ್ಪಲೆಯ ಸಮೇತ ತಂದು, ರಸ್ತೆ ದಾಟಿ, ನಮ್ಮ ಮನೆಯ ಹೊಸ್ತಿಲ ಮುಂದಿಟ್ಟು ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹುಳಿಯನ್ನದ ತಟ್ಟೆ ಹಿಡಿದು ನಡುರಸ್ತೆಯಲ್ಲಿ ನಿಂತಿದ್ದೆ.

ಎರಡು ದಿನದಲ್ಲಿ ನರ್ಸಮ್ಮ ಸುದ್ದಿ ತಂದರು. ಶಿವಣ್ಣ ಊರಿನ ಅಣ್ಣನಿಗೆ ಕಾಗದ ಬರೆದಿದ್ದಾನೆ. ಮುಂದಿನ ಸೋಮವಾರ ಅಣ್ಣ ಬಂದು ಹೆಣ್ಣುಮಕ್ಕಳಿಬ್ಬರನ್ನೂ ಕರೆದುಕೊಂಡು ಹೋಗುತ್ತಾನೆ. ಚಿಕ್ಕವಳು ಅವನ ಮನೆಯಲ್ಲಿರುತ್ತಾಳೆ. ದೊಡ್ಡವಳನ್ನು ತಿಪಟೂರಿನಲ್ಲಿ ಯಾರದೋ ಮನೆಗೆಲಸಕ್ಕೆ ಬಿಡುತ್ತಾನೆ. ಶಾಲೆ ಮುಗಿದ ಹಾಗೆಯೇ. ಆ ಹುಡುಗಿಗೆ ಒಂಬತ್ತು ವರ್ಷ.

“ಯಾರು ಹೇಳಿದ್ದು ಅವಳಿಗೆ?” ಎಂದು ಸಾಬರು ಕೇಳಿದರು. ನಾನೇ ಎಂದೆ. ಅವರು ಬೈಯುತ್ತಾರೆಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು. ಇಕ್ಕಳ ಕೆಳಗಿಟ್ಟು, “ಅವಳು ನನ್ನ ಕೆಲಸ ಕೆಟ್ಟದ್ದು ಅಂದ್ಕೊಂಡಿದ್ಲು. ಅದೇ ಚೆನ್ನಾಗಿತ್ತು ಮಗಳೇ” ಎಂದರು, ಅಷ್ಟೇ. ನಾನು ಆ ದಿನ ಊಟ ಮಾಡಲಿಲ್ಲ. ನನ್ನ ನಾಲಿಗೆಯಿಂದ ಒಂದು ಮಗು ತಾಯಿಯನ್ನು ಬಿಟ್ಟು ಪರವೂರಿನ ಮನೆಯ ಮುಸುರೆ ತಿಕ್ಕಲು ಹೋಗುತ್ತದಲ್ಲ ಎಂಬುದೊಂದೇ ತಲೆಯಲ್ಲಿ.

ಗುರುವಾರ ಸಾಬರು ಗೌರಿಯ ಬಾಗಿಲು ತಟ್ಟಿದರು. ನನ್ನ ಅತ್ತೆಯೂ ನರ್ಸಮ್ಮನೂ ಜೊತೆಗಿದ್ದರು. ನಾನು ನಮ್ಮ ಕಿಟಕಿಯಲ್ಲಿ ನಿಂತಿದ್ದೆ. ರಸ್ತೆ ಕಿರಿದು, ಎಲ್ಲವೂ ಕೇಳುತ್ತಿತ್ತು.

“ತಾಯಿ, ಕೊಡೋಕೆ ಬಂದಿಲ್ಲ. ಕೇಳೋಕೆ ಬಂದಿದೀನಿ” ಎಂದರು ಸಾಬರು.

ಗೌರಿ ಬಾಗಿಲನ್ನು ಅರ್ಧ ಮಾತ್ರ ತೆಗೆದಿದ್ದಳು. “ನಮ್ಮ ಹತ್ರ ಏನಿದೆ ಕೇಳೋಕೆ?”

“ಜಗಲಿ ಇದೆ. ಈ ಸಲ ರಾಮನವಮಿ, ರಂಜಾನು, ನರ್ಸಮ್ಮನ ಈಸ್ಟರು ಎಲ್ಲ ಒಂದರ ಹಿಂದೆ ಒಂದು ಬಂದಿದಾವೆ. ರಾಮಮಂಡಳಿ ಪಾನಕದ ಕೊಪ್ಪರಿಗೆ, ಮಸೀದಿ ಗಂಜಿ ಕಾಯಿಸೋ ದೇಗು, ಚರ್ಚಿನ ಅನ್ನದ ಹಂಡೆ, ಜೊತೆಗೆ ಮನೆಮನೆ ಪಾತ್ರೆ. ಎಲ್ಲಾ ಒಟ್ಟಿಗೆ ಕಲಾಯಿಗೆ ಬರ್ತಾವೆ. ಮರದ ಕೆಳಗೆ ಜಾಗ ಇಲ್ಲ. ಯಾವುದು ಯಾರದ್ದು ಅಂತ ನೆನಪಿಡೋ ತಲೆ ನಂಗಿಲ್ಲ. ನಾಲ್ಕು ಮನೆ ಕೇಳಿದೆ. ಮಂಡಳಿ ಕೊಪ್ಪರಿಗೆ ಇಟ್ಕೋತೀವಿ, ದೇಗು ಬೇಡ ಅಂತಾರೆ. ದೇಗು ಇಟ್ಕೋತೀವಿ, ಹಂಡೆ ಬೇಡ ಅಂತಾರೆ. ಮೂರನ್ನೂ ಒಂದೇ ಕಡೆ ಇಟ್ಕೊಳ್ಳೋ ಮನೆ ಈ ಬ್ಲಾಕಲ್ಲಿ ಸಿಗಲಿಲ್ಲ ತಾಯಿ.”

“ಇದೂ ನಿಮ್ಮ ಉಸ್ತಾದರ ಕಥೇನಾ?”

“ಇದು ನಿಜ. ಪಾತ್ರೆ ತಂಗಿದ ಮನೆಗೆ ಪ್ರತಿ ಪಾತ್ರೆಯಿಂದ ಮೊದಲ ಹಿಡಿ ಸೇರಬೇಕು ಅಂತ ಒಂದು ಕಟ್ಟಳೆ ಇದೆ ಅಂತ ಆಮೇಲೆ ಹೇಳೋನಿದ್ದೆ. ಅದು ಮಾತ್ರ ಕಥೆ. ಇವತ್ತು ಬೆಳಿಗ್ಗೆ ಕಟ್ಟಿದ್ದು.”

ನರ್ಸಮ್ಮ ತಲೆ ಚಚ್ಚಿಕೊಂಡರು. “ಏಸಪ್ಪಾ! ಎಲ್ಲಾನೂ ಹೇಳಿಬಿಟ್ಟರಲ್ಲ!”

ಒಳಗಿನಿಂದ ಶಿವಣ್ಣನ ದನಿ ಬಂತು. “ಬೇಡ ಕಣೇ. ಎಲ್ಲರ ಮುಸುರೆ ನಮ್ಮ ಜಗಲಿ ಮೇಲೆ ಇಟ್ಕೊಂಡ್ರೆ ಜನ ಏನಂತಾರೆ?”

“ಜನಾನೇ ತಂದು ಇಡೋರು, ಅವರೇನಂತಾರೆ?” ಎಂದಳು ಗೌರಿ, ತಿರುಗಿ ನೋಡದೆ. ಆಮೇಲೆ ಸಾಬರಿಗೆ ಹೇಳಿದಳು: “ಇಡಿ. ಮೂರನ್ನೂ ಇಡಿ. ಒಂದಕ್ಕೊಂದು ತಾಗಿದ್ರೆ ನನಗೇನೂ ಆಗಲ್ಲ. ಕೆಲಸಕ್ಕೆ ಎಷ್ಟು ಬರುತ್ತೋ ಅಷ್ಟು ತಗೋತೀನಿ. ಯಾರೂ ತಟ್ಟೆ ಹಿಡ್ಕೊಂಡು ಬರಕೂಡದು.”

ಆ ಕೊನೆಯ ಮಾತು ನಮ್ಮ ಕಿಟಕಿಗೆ. ನಾನು ತಲೆ ತಗ್ಗಿಸಿದೆ.

ಮಾರನೆಯ ದಿನ ಮೊಟ್ಟಮೊದಲು ಪಾತ್ರೆ ಹೊತ್ತುಕೊಂಡು ಹೋದವಳು ನಾನು. ತಳದಲ್ಲಿ ಒಂದು ಹಿಡಿ ಅಕ್ಕಿ ಇತ್ತು. ಗೌರಿ ನನ್ನ ಮುಖ ನೋಡಲಿಲ್ಲ. ಅಕ್ಕಿಯನ್ನು ಗೋಣಿಗೆ ಸುರಿದು, ಪಾತ್ರೆಯ ಹೊರಮೈಗೆ ಸುಣ್ಣದಲ್ಲಿ ಒಂದು ಗೆರೆ, ಎರಡು ಚುಕ್ಕೆ ಹಾಕಿದಳು. “ಎರಡು ಚುಕ್ಕೆ ನಿಮ್ಮದು, ನೆನಪಿರಲಿ” ಎಂದಳು. ಅಷ್ಟಾದರೂ ಮಾತಾಡಿದಳಲ್ಲ ಎಂದು ನನಗೆ ಅಳು ಬಂತು.

ಆಮೇಲೆ ಬೀದಿಗೆ ಬೀದಿಯೇ ಬಂತು. ಹಂಡೆ, ಕೊಳಗ, ಚರಿಗೆ, ಸೌಟು. ಒಬ್ಬೊಬ್ಬರ ಪಾತ್ರೆಯ ತಳದಲ್ಲೂ ಒಂದೊಂದು ಹಿಡಿ. ನರ್ಸಮ್ಮ ಹೆರಿಗೆ ಮಾಡಿಸಿದ ಮನೆಗಳನ್ನೆಲ್ಲ ಒಂದೂ ಬಿಡದೆ ಸುತ್ತಿ ಮೊದಲ ಹಿಡಿಯ ಕಟ್ಟಳೆ ಹೇಳಿ ಬಂದಿದ್ದರು. ಮಸೀದಿಯವರು ದೇಗನ್ನು ಎತ್ತಿನಗಾಡಿಯಲ್ಲಿ ತಂದರು. ಅದರಲ್ಲಿ ಅರ್ಧ ಮೂಟೆ ಗೋಧಿ ನುಚ್ಚಿತ್ತು. ಚರ್ಚಿನ ಹಂಡೆಯಲ್ಲಿ ಬೇಳೆ ಇತ್ತು. ಗೌರಿ ಸೆರಗು ಬಿಗಿದು, ಒಂದೊಂದಕ್ಕೂ ಗುರುತು ಹಾಕಿ, ಕಲಾಯಿಗೆ ಯಾವುದು ಮೊದಲು ಯಾವುದು ಆಮೇಲೆ ಎಂದು ಸಾಬರಿಗೇ ಅಪ್ಪಣೆ ಮಾಡತೊಡಗಿದಳು. ಶನಿವಾರದ ಹೊತ್ತಿಗೆ ಶಿವಣ್ಣ ಮರದ ಕೆಳಗೆ ಬಂದು, ಎಡಗೈಯಲ್ಲಿ ತಿದಿ ಒತ್ತುತ್ತ ಕೂತ.

ಭಾನುವಾರ ಸಂಜೆ ವಿಘ್ನ ಬಂತು. ರಾಮಮಂಡಳಿಯ ಕಾರ್ಯದರ್ಶಿಗಳು ಕೊಪ್ಪರಿಗೆ ಹೊರಿಸಿಕೊಂಡು ಬಂದು, ಜಗಲಿಯ ಮೇಲಿದ್ದ ದೇಗನ್ನು ಕಂಡು, ಅಲ್ಲೇ ನಿಂತುಬಿಟ್ಟರು. “ಇದರ ಪಕ್ಕ ನಮ್ಮ ಪಾನಕದ ಪಾತ್ರೆ ಇಡಕ್ಕಾಗಲ್ಲ. ವಾಪಸ್ ಎತ್ತಿ” ಎಂದರು. ಪಾತ್ರೆ ಕೊಡಲು ಬಂದಿದ್ದ ನಾಲ್ಕಾರು ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಂಡಳಿಯ ಕೊಪ್ಪರಿಗೆ ಹೋದರೆ ಅವರ ಪಾತ್ರೆಗಳೂ ಹೋಗುತ್ತಿದ್ದವು. ಗೌರಿ ಸುಣ್ಣದ ಬಟ್ಟಲನ್ನು ಕೆಳಗಿಟ್ಟಳು.

ನಮ್ಮತ್ತೆ ರಸ್ತೆ ದಾಟಿದರು. ಮಡಿಸೀರೆಯಲ್ಲಿದ್ದರು. ಹೋಗಿ ಜಗಲಿಯ ಮೇಲೆ, ದೇಗಿಗೂ ಹಂಡೆಗೂ ನಡುವೆ ಕೂತುಬಿಟ್ಟರು!

“ಕಲಾಯಿ ಆದ ಪಾತ್ರೆಗೆ ಮೈಲಿಗೆ ಇಲ್ಲ. ಇದೆ ಅನ್ನೋದಾದ್ರೆ, ಸಾಬರ ಕೈ ತಾಗದೇ ಇರೋ ಒಂದೇ ಒಂದು ಪಾತ್ರೆ ನಿಮ್ಮ ಮನೆಯಿಂದ ತಂದು ತೋರಿಸಿ. ಅಲ್ಲೀವರೆಗೂ ನಾನು ಇಲ್ಲೇ ಕೂತಿರ್ತೀನಿ” ಎಂದರು.

ಅಂಥ ಪಾತ್ರೆ ಕಾರ್ಯದರ್ಶಿಗಳ ಮನೆಯಲ್ಲಿರಲಿಲ್ಲ. ಬ್ಲಾಕಿನಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಕೊಪ್ಪರಿಗೆ ಜಗಲಿ ಹತ್ತಿತು. ಹತ್ತುವಾಗ ದೇಗಿಗೆ ಢಣ್ ಎಂದು ತಾಗಿತು. ಗೌರಿ ಅದರೊಳಗಿದ್ದ ಅಕ್ಕಿ ಬೆಲ್ಲವನ್ನು ಬೇರೆ ಮಾಡಿಕೊಂಡು ಸುಣ್ಣದಲ್ಲಿ ಗುರುತು ಹಾಕಿದಳು.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಶಿವಣ್ಣನ ಅಣ್ಣ ಬಂದಿಳಿದ. ಕೈಯಲ್ಲಿ ಒಂದು ಬರಿಯ ಚೀಲ, ಮಕ್ಕಳ ಬಟ್ಟೆ ತುಂಬಿಕೊಂಡು ಹೋಗಲು. ಕೆಟ್ಟವನಲ್ಲ ಆ ಮನುಷ್ಯ. ಅವನ ಮುಖದಲ್ಲೂ ಸಂಕಟವಿತ್ತು. ಜಗಲಿಯ ಮೇಲೆ ಹೊಸ ಕಲಾಯಿಯ ಪಾತ್ರೆಗಳು ಬಿಸಿಲಿಗೆ ಕಣ್ಣು ಕೋರೈಸುತ್ತಿದ್ದವು. ಅವನು ಹೊರಗೇ ನಿಂತು, “ಇದೇನಮ್ಮ, ಪಾತ್ರೆ ಅಂಗಡಿ ಇಟ್ರಾ?” ಎಂದ.

ನಾನು ಕಿಟಕಿಯಲ್ಲಿ ನಿಂತಿದ್ದೆ. ಇಡೀ ಬೀದಿಯೇ ಒಂದೊಂದು ಕಿಟಕಿಯಲ್ಲಿ ನಿಂತಿತ್ತೆಂದು ಆಮೇಲೆ ಗೊತ್ತಾಯಿತು.

“ಕೂತ್ಕೊಳ್ಳಿ ಭಾವ, ಉಪ್ಪಿಟ್ಟಾಗಿದೆ” ಎಂದಳು ಗೌರಿ. ಅವನು ಉಪ್ಪಿಟ್ಟು ತಿಂದ. ಮಸೀದಿಯ ಗೋಧಿ ನುಚ್ಚಿನ ಉಪ್ಪಿಟ್ಟು. ತಿಂದು ಕೈ ತೊಳೆದು, ಮಕ್ಕಳನ್ನು ಹೊರಡಿಸು ಎಂದ.

“ಮಕ್ಕಳು ಬರಲ್ಲ ಭಾವ.”

“ಕಾಗದ ಬರೆದಿದ್ರಲ್ಲ?”

“ಬರೆದಾಗ ಇರಲಿಲ್ಲ. ಈಗ ಇದೆ. ಗೇಟಿನ ಕೆಲಸ ಬರೋ ತನಕ ಆಗುತ್ತೆ. ನಾನು ದುಡಿದಿರೋದು.” ಅವಳು ಚೀಲ ಇಸಿದುಕೊಂಡು ಒಳಗೆ ಹೋದಳು. ಹೊರಗೆ ಬಂದಾಗ ಚೀಲದ ತಳ ತುಂಬಿ ಜೋತಾಡುತ್ತಿತ್ತು. “ಅಷ್ಟು ದೂರದಿಂದ ಬಂದಿದೀರ. ಅಕ್ಕನಿಗೆ ಕೊಡಿ. ಒಂದೇ ಹದಕ್ಕೆ ಬೇಯಲ್ಲ, ಸ್ವಲ್ಪ ನೋಡಿ ಇಳಿಸಬೇಕು ಅಂತ ಹೇಳಿ.”

ಭಾವ ಚೀಲ ಹೊತ್ತು ಬಸ್ಸಿನ ಕಡೆ ಹೊರಟ. ದಾರಿ ಹೊಂಗೆಮರದ ಪಕ್ಕದಲ್ಲೇ. ಸಾಬರು ಚರ್ಚಿನ ಹಂಡೆಯೊಳಗೆ ನಿಂತಿದ್ದರು. ದೊಡ್ಡ ಪಾತ್ರೆಗಳನ್ನು ಬೆಳಗುವುದೇ ಹಾಗೆ: ಒಳಗಿಳಿದು, ಗೋಣಿಬಟ್ಟೆ, ಮರಳಿನ ಮೇಲೆ ಪಾದವೂರಿ, ಮರದ ಕೊಂಬೆ ಹಿಡಿದು ಮೈ ತಿರುಗಿಸುವುದು. ಚೀಲ ಕಂಡು ಅವರು ತಿರುಗುವುದನ್ನು ನಿಲ್ಲಿಸಿದರು.

“ಏನ್ ಯಜಮಾನ್ರೇ, ಚೀಲ ಭಾರ ಇದ್ದಂಗಿದೆ?”

“ಅಕ್ಕಿ.”

“ಯಾರು ಕೊಟ್ರು?”

“ನಮ್ಮ ಗೌರಿ ಕೊಟ್ಲು.”

“ಯಾರು?”

“ಗೌರಿ. ತಮ್ಮನ ಹೆಂಡ್ತಿ. ಬೇಡ ಅಂದ್ರೂ ಕೇಳದೆ ಕೊಟ್ಲು.”

ಸಾಬರು ಕೊಂಬೆ ಬಿಟ್ಟು ಎರಡೂ ಕೈ ಮೇಲೆತ್ತಿದರು. “ಕೇಳಿದ್ರಾ?” ಎಂದು ಹಂಡೆಯೊಳಗಿಂದ ಇಡೀ ಬೀದಿಗೆ ಕೂಗಿದರು. “ನರ್ಸಮ್ಮಾ! ಅಮ್ಮಾವ್ರೇ! ಗೌರಿ ಕೊಟ್ಲಂತೆ! ಗೌರಿ ಕೊಟ್ಲಂತ್ರೀ!” ಕೂಗುತ್ತಲೇ ತಿರುಗಿದರು, ಒಂದು ಸುತ್ತು, ಎರಡು ಸುತ್ತು, ಗಡ್ಡ ಗಾಳಿಗೆ ಹಾರುವ ಹಾಗೆ. ತಿದಿಯ ಹತ್ತಿರ ಕೂತಿದ್ದ ಶಿವಣ್ಣ ತಿಂಗಳುಗಳ ಮೇಲೆ ನಕ್ಕ.

ಎದುರುಮನೆಯ ಬಾಗಿಲು ತೆರೆಯಿತು. ಹುಡುಗಿಯರಿಬ್ಬರೂ ಜಡೆ ಹಾಕಿಸಿಕೊಂಡು, ಪಾತ್ರೆಗಳ ನಡುವಿನಿಂದ ದಾರಿ ಮಾಡಿಕೊಂಡು ಜಗಲಿ ಇಳಿದರು. ಆ ದಿನ ಶಾಲೆಯಲ್ಲಿ ಪರೀಕ್ಷೆಯಿತ್ತು; ತಡವಾಗುತ್ತದೆಂದು ಇಬ್ಬರೂ ಓಡಿದರು.